ಪೆಟ್ಟಿಗೆ ಇನ್ನಾಸಿಯ ಎರಡು ಅಂಗಡಿ

ಹತ್ರ ಬಂದು ಕೂತ್ಕೊಳ್ಳಿ. ಸಾವಿನ ಮನೆ ಕತೆ ಇದು. ನಗು ಬಂದ್ರೆ ಟವಲ್ಲು ಬಾಯಿಗಿಟ್ಕೊಳ್ಳಿ. ಜೋರಾಗಿ ನಗಬೇಡಿ, ಸತ್ತೋರು ಬೇಜಾರು ಮಾಡ್ಕೋತಾರೆ.

ಮೈಸೂರಿನ ಹೊರಗೆ, ಚರ್ಚಿನ ಹಿಂದಿನ ಬೀದೀಲಿ ಲೂರ್ದಮ್ಮ ಅಂತ ಒಬ್ಳಿದ್ಳು. ಹೆಣ ಮಲಗಿಸೋ ಪೆಟ್ಟಿಗೆ ಮಾಡಿ ಮಾರೋದು ಅವಳ ಕಸುಬು. ಗಂಡ ಚಿನ್ನಪ್ಪ ತಾನೇ ಮಾಡಿದ ಪೆಟ್ಟಿಗೇಲಿ ಮಲಗಿ ಎಂಟು ವರ್ಷ ಆಗಿತ್ತು. ಇದ್ದೋನು ಒಬ್ನೇ ಮಗ, ಇನ್ನಾಸಿ. ಕೈ ಬಂಗಾರ. ಹಲಗೆ ಉಜ್ಜಿದ್ರೆ ಕನ್ನಡಿ. ತಲೆ ಮಾತ್ರ ಖಾಲಿ ಪೆಟ್ಟಿಗೆ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಒಂದೆಳೆ ಆಚೆ ಇಲ್ಲ, ಒಂದೆಳೆ ಈಚೆ ಇಲ್ಲ. ತೊಂದ್ರೆ ಇದ್ದಿದ್ದೇ ಅಲ್ಲಿ.

ಮರದ ಪುಡಿ ಕುಡಿದು ಕುಡಿದು ಲೂರ್ದಮ್ಮನ ಎದೆ ಕಟ್ಟಿತ್ತು. ವರ್ಷ ತುಂಬೋದು ಕಷ್ಟ ಅಂದಿದ್ರು ಡಾಕ್ಟ್ರು. ಸಾಯೋ ಭಯ ಅವಳಿಗಿರ್ಲಿಲ್ಲ. ದಿನಾ ಸಾವನ್ನೇ ಟೇಪಿಟ್ಟು ಅಳೆಯೋಳಿಗೆ ಎಂಥ ಭಯ? ಇದ್ದಿದ್ದು ಒಂದೇ ಚಿಂತೆ. "ನಾನು ಹೋಗೋದ್ರೊಳಗೆ ಈ ಮುಂಡೇದು ವ್ಯಾಪಾರ ಕಲೀಬೇಕಲ್ಲಪ್ಪಾ ದೇವ್ರೇ!"

ವ್ಯಾಪಾರ ಈಗ ಫೋನಲ್ಲಿ. ಅದೂ ಒಂದಲ್ಲ, ಎರಡು ಅಂಗಡಿ. ಒಂದು ಮನೆಯೋರಿಗೆ. ಸತ್ತೋರ ಕಡೆಯೋರು ಒಂದೇ ಒಂದು ಪೆಟ್ಟಿಗೆ ಕೇಳೋದು. ಇನ್ನೊಂದು ದಂಧೆಯೋರಿಗೆ. ಆಸ್ಪತ್ರೆಯಂಥೋರು ಲಾಟುಗಟ್ಲೆ ಕೇಳೋದು. ಎರಡೂ ಒಂದೇ ಕಂಪನಿಯ ಆ್ಯಪಲ್ಲಿ. ಮೂರು ದೂರು ಬಿದ್ರೆ ಕಂಪನಿಯೋರು ಎರಡಕ್ಕೂ ಬೀಗ ಹಾಕ್ತಾರೆ!

ಒಂದಿನ ಲೂರ್ದಮ್ಮ ಕೂರಿಸ್ಕೊಂಡು ಹೇಳಿದ್ಳು. "ಮಗಾ, ದೊಡ್ಡಾಸ್ಪತ್ರೆಯಿಂದ ಫೋನ್ ಬರುತ್ತೆ. ಒಂದು ಎರಡು ಕೊಡಲ್ಲ ಅನ್ನು. ಕಮ್ಮಿ ಅಂದ್ರೆ ಇಪ್ಪತ್ತು ಅನ್ನು. ಜಾಸ್ತಿ ತಗೊಂಡ್ರೆ ರೇಟು ಇಳಿಸ್ತೀವಿ ಅನ್ನು. ತಿಂಗಳು ತಿಂಗಳು ನಮಗೇ ಹೇಳಿ ಅನ್ನು."

"ಆಯ್ತವ್ವ," ಅಂದ ಇನ್ನಾಸಿ.

ಫೋನ್ ಬಂತು. ಆಸ್ಪತ್ರೆಯದಲ್ಲ. ಬೆಳಿಗ್ಗೆ ತಾನೆ ಗಂಡನ್ನ ಕಳ್ಕೊಂಡ ರೀಟಮ್ಮ. "ಒಂದು ಪೆಟ್ಟಿಗೆ ಬೇಕಿತ್ತಪ್ಪಾ..."

"ಒಂದು ಕೊಡಲ್ಲಮ್ಮ! ಕಮ್ಮಿ ಅಂದ್ರೆ ಇಪ್ಪತ್ತು!"

"ಸತ್ತಿರೋದು ಒಬ್ರೇ ಕಣಪ್ಪಾ!"

"ಮನೇಲಿ ಎಷ್ಟು ಜನ ಇದ್ದೀರಾ?"

"ಆರು ಜನ."

"ಅಕ್ಕಪಕ್ಕದೋರನ್ನೂ ಸೇರಿಸ್ಕೊಳ್ಳಿ. ಜಾಸ್ತಿ ಆದ್ರೆ ರೇಟು ಇಳಿಸ್ತೀವಿ. ತಿಂಗಳು ತಿಂಗಳು ನಮಗೇ ಹೇಳಿ!"

ದೂರು ಒಂದು.

ಲೂರ್ದಮ್ಮ ತಲೆ ತಲೆ ಚಚ್ಕೊಂಡ್ಳು. "ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಹಂಗಲ್ಲ ಕಣೋ! ಹೋಗಿ ಹೆಸರು ಕೇಳ್ಬೇಕು. ಉದ್ದ ಅಳೀಬೇಕು. ಕೈ ಹಿಡ್ಕೊಂಡು ಎರಡು ಹನಿ ಕಣ್ಣೀರು ಹಾಕ್ಬೇಕು. ಬಾಳಾ ಒಳ್ಳೆ ಮನುಷ್ಯ ಇದ್ರು ಅನ್ಬೇಕು. ತಿಳೀತಾ?"

"ತಿಳೀತವ್ವ."

ವಾರ ಕಳೀತು. ಈ ಸಲ ನಿಜವಾಗ್ಲೂ ದೊಡ್ಡಾಸ್ಪತ್ರೆ! ಇಪ್ಪತ್ತು ಪೆಟ್ಟಿಗೆ! ಇನ್ನಾಸಿ ಟೇಪು ಹೆಗಲಿಗೆ ಹಾಕ್ಕೊಂಡು ಹೋದ. ಸ್ಟೋರಿನ ಸಾಹೇಬ್ರ ಮುಂದೆ ನಿಂತ.

"ಹೆಸರು ಹೇಳಿ ಸಾರ್."

"ಯಾರದಯ್ಯ?"

"ಇಪ್ಪತ್ತು ಜನರದೂ."

"ಇನ್ನೂ ಯಾರೂ ಸತ್ತಿಲ್ಲ ಕಣಯ್ಯ! ಸ್ಟಾಕಿಗೆ ಇಟ್ಕೊಳ್ಳೋಕೆ!"

ಸತ್ತಿಲ್ವಾ? ಹಂಗಾದ್ರೆ ಒಳಗೇ ಇರ್ತಾರೆ ಅಂದ್ಕೊಂಡ ಇನ್ನಾಸಿ. ಸೀದಾ ವಾರ್ಡಿಗೆ ನುಗ್ಗಿದ. ಮೊದಲ್ನೇ ಮಂಚ.

"ಹೆಸರೇನಣ್ಣ?"

"ಮಾದೇವಸ್ವಾಮಿ."

ತಲೆಯಿಂದ ಕಾಲತನಕ ಟೇಪು ಹಿಡಿದ. "ಐದೂವರೆ ಅಡಿ." ಕೈ ಹಿಡ್ಕೊಂಡ. ಎರಡು ಹನಿ ಕಣ್ಣೀರು ಹಾಕಿದ, ಮೂರನೇದು ಬರ್ತಿತ್ತು, ಒರೆಸ್ಕೊಂಡ. "ಬಾಳಾ ಒಳ್ಳೆ ಮನುಷ್ಯ ಇದ್ರು."

"ಯಾರೋ?"

"ನೀವೇ ಅಣ್ಣ."

ಹಿಂಗೇ ಏಳು ಮಂಚ ಆಯ್ತು. ಎಂಟನೇ ಮಂಚದೋನು ಡ್ರಿಪ್ಪಿನ ಬಾಟಲಿ ಕಂಕುಳಲ್ಲಿ ಇಟ್ಕೊಂಡು ಗೇಟು ದಾಟಿ ಓಡಿದ. ಆ ವಾರ್ಡಲ್ಲಿ ಅವತ್ತು ಎದ್ದು ಮನೆಗೆ ಹೋದೋನು ಅವನೊಬ್ನೇ.

ಇಪ್ಪತ್ತೂ ಕ್ಯಾನ್ಸಲ್. ದೂರು ಎರಡು.

"ಲೋ ಪಾಪಿ!" ಲೂರ್ದಮ್ಮನಿಗೆ ಬೈಯೋಕೂ ಉಸಿರು ಸಾಲ್ತಿರ್ಲಿಲ್ಲ. ಒಂದು ಬೈಗುಳ, ಒಂದು ಕೆಮ್ಮು. "ಅಳೋದೆಲ್ಲ ಬೇಡ! ಮೊದ್ಲು ಚಿಕ್ಕದೊಂದು ಸ್ಯಾಂಪಲ್ ತೋರಿಸ್ಬೇಕು. ಮಾಲು ಬಳಸೋರು ನೋಡಿ, ಒಪ್ಪಿ, ಸಹಿ ಹಾಕ್ಬೇಕು. ಆಮೇಲೆ ಹದಿನೈದು ದಿನ ಟೈಮ್ ತಗೊಂಡು ಮಾಲು ಕಳಿಸ್ಬೇಕು! ಇನ್ನೊಂದು ದೂರು ಬಿದ್ರೆ ನೀನು ಬೀದಿಗೆ ಬೀಳ್ತೀಯ ಕಣೋ!"

"ಬೀಳಲ್ಲವ್ವ."

ಮಾರನೇ ದಿನ ಅರುಳಪ್ಪ ಮೇಷ್ಟ್ರು ತೀರ್ಕೊಂಡ್ರು. ಮನೆ ತುಂಬ ಜನ. ಇನ್ನಾಸಿ ಬಂದ. ಗೇಣುದ್ದದ ಪೆಟ್ಟಿಗೆ, ಪಾಲಿಶ್ ಹೊಡೆದು ಮಿರಮಿರ ಅಂತಿದ್ದಿದ್ದು, ಹೆಣದ ಪಕ್ಕ ಇಟ್ಟ.

ಮೇಷ್ಟ್ರ ದೊಡ್ಡ ಮಗ ಕಣ್ಣು ಕಣ್ಣು ಬಿಟ್ಟ. "ಇದೇನೋ ಇದು?"

"ಸ್ಯಾಂಪಲ್ಲಣ್ಣ. ಮಾಲು ಹದಿನೈದು ದಿನಕ್ಕೆ ಬರುತ್ತೆ."

"ಅಲ್ಲೀತನಕ ಅಪ್ಪ?"

"ಬಿಸಿಲು ಬೀಳದ ಕಡೆ ಇಡಿ."

"ಲೋ, ತಲೆ ನೆಟ್ಟಗಿದ್ಯಾ? ಕೊಡಿಲ್ಲಿ ಫೋನು, ಇವರ ಮೇಲೆ ದೂರು ಬರೀತೀನಿ!"

"ಬರೀರಣ್ಣ. ಸಹಿ ಮಾತ್ರ ನೀವು ಹಾಕಂಗಿಲ್ಲ, ಬಳಸೋರೇ ಹಾಕ್ಬೇಕು!" ಅಂತ ಮೇಷ್ಟ್ರ ತಣ್ಣನೆ ಬೆರಳಿನ ಮಧ್ಯೆ ಪೆನ್ನು ಸಿಕ್ಕಿಸ್ದ.

ಚೆನ್ನಾಗಿ ಬಿತ್ತು ಒದೆ. ದೂರು ಮೂರು. ಸಾಯಂಕಾಲದೊಳಗೆ ಎರಡೂ ಅಂಗಡಿ ಫೋನಿಂದ ಮಾಯ.

ಲೂರ್ದಮ್ಮ ಆ ಸಲ ತಲೆ ಚಚ್ಕೊಳ್ಳಲಿಲ್ಲ. ಹಾಸಿಗೆ ಹಿಡಿದಿದ್ಳು. ಮಗನ ಕೆನ್ನೆ ಊದಿದ್ದನ್ನ ಸವರಿದ್ಳು.

"ಫೋನಿಂದು ಹೋಯ್ತು, ಹೋಗ್ಲಿ ಬಿಡು. ಬಾಗಿಲಿಗೆ ಬಂದು ಕೇಳೋರು ಇರ್ತಾರೆ. ದಂಧೆಯೋರು ಬೇರೆ, ಮನೆಯೋರು ಬೇರೆ ಕಣೋ ಮಂಕೇ. ದಂಧೆಯೋರು ಸಹಿ ಹಾಕಿದ್ರೆ ಮುಗೀತು, ವಾಪಸ್ ಇಲ್ಲ. ಮನೆಯೋರು ಹಂಗಲ್ಲ. ಇವತ್ತು ಸಾಯ್ತಾರೆ ಅಂತ ಪೆಟ್ಟಿಗೆ ಒಯ್ದಿರ್ತಾರೆ, ಸಾಯೋರು ಎದ್ದು ಕೂತು ಗಂಜಿ ಕೇಳ್ತಾರೆ. ಅದಕ್ಕೇ ಏಳು ದಿನ ಟೈಮ್ ಕೊಡು. ಬೇಡ ಅಂದ್ರೆ ಮಾತಾಡ್ದೆ ವಾಪಸ್ ತಗೋ. ಅಲ್ಲೀತನಕ ಮೊಳೆ ಹೊಡೀಬೇಡ. ಮೊಳೆ ಹೊಡೆದಿದ್ದು ಇನ್ನೊಬ್ರಿಗೆ ಆಗಲ್ಲ. ಇದೊಂದಾದ್ರೂ ನೆನಪಿಟ್ಕೋತೀಯೇನೋ?"

"ಇಟ್ಕೋತೀನವ್ವ."

ನಾಲ್ಕು ದಿನಕ್ಕೆ ಲೂರ್ದಮ್ಮ ಹೋದ್ಳು.

ಇನ್ನಾಸಿ ಅಳಲಿಲ್ಲ. ಅಳೋದೆಲ್ಲ ಬೇಡ ಅಂದಿದ್ಳಲ್ಲ. ಸ್ಯಾಂಪಲ್ ಮಾಡ್ಲಿಲ್ಲ, ಇಪ್ಪತ್ತು ಮಾಡ್ಲಿಲ್ಲ. ಒಂದೇ ಒಂದು ಮಾಡ್ದ. ಹಲಸಿನ ಮರದ್ದು, ಹಳದಿ ಬಣ್ಣದ್ದು, ಸಂದಿಗೆ ಕೂದಲೂ ತೂರದಂಗೆ. ಅವನಪ್ಪನಿಗೂ ಅಂಥಾದ್ದು ಆಗಿರ್ಲಿಲ್ಲ. ಬೀದಿಯೋರೆಲ್ಲ ಬಂದು ಮುಚ್ಚಳ ಸವರಿ ನೋಡಿದ್ರು.

ಸಮಾಧಿ ಹತ್ರ ಫಾದರ್ ಜಪ ಮುಗಿಸಿ ಅಂದ್ರು, "ಇನ್ನಾಸಿ, ಮೊಳೆ ಹೊಡಿಯಪ್ಪ."

"ಆಗಲ್ಲ ಫಾದರ್."

"ಯಾಕಪ್ಪ?"

"ಏಳು ದಿನ ಟೈಮಿದೆ. ಅವ್ವ ಮನೆಯೋಳು ಅಲ್ವಾ?"

ಫಾದರ್ ಬೇಡ್ಕೊಂಡ್ರು. ಬೀದಿಯೋರು ಬೈದ್ರು. ಸುತ್ತಿಗೆ ಬಿಡ್ಲಿಲ್ಲ ಇನ್ನಾಸಿ. ಕೊನೆಗೆ ಮುಚ್ಚಳಕ್ಕೆ ಹಗ್ಗ ಬಿಗಿದು ಇಳಿಸಿ ಮಣ್ಣು ಎಳೆದು ಹೋದ್ರು ಜನ. ಅವನು ಹೋಗ್ಲಿಲ್ಲ. ಮಣ್ಣಿನ ಪಕ್ಕ ಕೂತ.

"ಅವ್ವಾ, ಅಳತೆ ಸರಿಯಾಯ್ತಾ?"

ಉತ್ತರ ಇಲ್ಲ.

ಎರಡನೇ ದಿನ. "ಅವ್ವಾ, ತಲೆ ಕಡೆ ಒತ್ತುತ್ತಾ? ಒತ್ತಿದ್ರೆ ಹೇಳು, ವಾಪಸ್ ತಗೋತೀನಿ."

ಉತ್ತರ ಇಲ್ಲ.

ಮೂರು, ನಾಲ್ಕು, ಐದು, ಆರು. ದಿನಾ ಕೇಳ್ದ. ಕೇಳಿ, ಬೈಗುಳ ಬರುತ್ತೇನೋ ಅಂತ ಕಿವಿ ಕೊಟ್ಟ. ಮುಂಡೇದೇ ಅಂತಲೂ ಬರ್ಲಿಲ್ಲ. ಮಂಕೇ ಅಂತಲೂ ಬರ್ಲಿಲ್ಲ. ಏಳನೇ ದಿನ ಹೊತ್ತು ಪೂರ್ತಿ ಮುಳುಗೋವರೆಗೂ ಕಾದ.

ಎಂಟನೇ ದಿನ ಬೆಳಿಗ್ಗೆ ಫಾದರ್ ಗೇಟು ತೆಗೆದ್ರೆ, ಇನ್ನಾಸಿ ಮಂಡಿಯೂರಿ ಸಮಾಧಿ ಮಣ್ಣಿಗೆ ಮೊಳೆ ಹೊಡೀತಿದ್ದ. ತಲೆ ಕಡೆ ಎರಡು, ಕಾಲ ಕಡೆ ಎರಡು. ಮುಖದ ತುಂಬ ನಗು.

"ಫಾದರ್, ಅವ್ವನಿಗೆ ಹಿಡಿಸ್ತು! ಏಳು ದಿನ ಆಯ್ತು, ಒಂದು ಸಲಾನೂ ಬೈಲಿಲ್ಲ!"