ಸೆಟ್ಟಿಯ ಮೊಲ ಸಾಧುವಾದದ್ದು

"ಬುದ್ಧಿ, ನಮ್ಮ ಶಾಂಭವಿ ಚಿಕ್ಕವಳಿದ್ದಾಗ ನನ್ನ ಬೆನ್ನು ಬಿಡುತ್ತಿರಲಿಲ್ಲ. ಹದಿನೈದು ತುಂಬಿದ್ದೇ ತಡ, ತಲೆ ನೇವರಿಸಿದರೆ ಕೈ ತಳ್ಳಿ ಕೂಗಾಡಿದಳು. ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಆ ಚಿಲಕವನ್ನೇ ಬಿಚ್ಚಿಸಿಹಾಕಿದೆ. ಈಗ ಸಾಧುವಾಗಿದ್ದಾಳೆ. ಆದರೆ ಹೆತ್ತ ತಂದೆಯ ಮೇಲೆ ಅಷ್ಟು ದ್ವೇಷ ಯಾಕೆ ಬಂದಿತ್ತು?"

ಹೀಗೆ ಕೇಳಿ ಮರುಳಪ್ಪ, ಮಗಳು ಸರಿಹೋದ ಸಂತೋಷಕ್ಕೆ ತಂದಿದ್ದ ಸಕ್ಕರೆ ಪೊಟ್ಟಣವನ್ನು ಮಠದ ಗುರುಗಳ ಮುಂದಿಟ್ಟ.

ಗುರುಗಳು ಪೊಟ್ಟಣವನ್ನು ಮುಟ್ಟಲಿಲ್ಲ. "ಒಂದು ಕತೆ ಹೇಳುತ್ತೇನಪ್ಪ. ನನಗೆ ಕತೆ ಹೇಳಲು ಸರಿಯಾಗಿ ಬರುವುದಿಲ್ಲ. ಹಿಂದುಮುಂದಾದರೆ ಬೇಸರಪಡಬೇಡ" ಎಂದು ಶುರುಮಾಡಿದರು.

ಒಬ್ಬ ಸೆಟ್ಟಿ ಒಂದು ಮೊಲ ಸಾಕಿದ್ದ. ಹೆಣ್ಣುಮೊಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಮರಿಯಾಗಿದ್ದಾಗ ಅದು ಅವನ ಅಂಗೈಯಲ್ಲೇ ಮಲಗುತ್ತಿತ್ತು. ಐದಾರು ತಿಂಗಳು ಕಳೆಯಿತು. ಗೂಡಿನೊಳಗೆ ಕೈಯಿಟ್ಟರೆ ಗುರುಗುಟ್ಟಿ ಮುಂಗಾಲಿನಿಂದ ಹೊಡೆಯತೊಡಗಿತು, ಕಚ್ಚಿತು. ಹಿಂಗಾಲನ್ನು ನೆಲಕ್ಕೆ ಬಡಿಯಿತು. ಕೊನೆಗೆ ತನ್ನ ಎದೆಯ ತುಪ್ಪಳವನ್ನೇ ಬಾಯಿಂದ ಕಿತ್ತು, ಹುಲ್ಲಿನ ಜೊತೆ ಮೂಲೆಯಲ್ಲಿ ಹಾಸಿತು. ಗಂಡಿನ ನೆರಳು ಸೋಕದಿದ್ದರೂ ಪ್ರಾಯದ ಹೆಣ್ಣುಮೊಲ ಹೀಗೆ ಮಾಡುವುದುಂಟು.

ಸೆಟ್ಟಿ ಅದನ್ನು ರೋಗವೆಂದುಕೊಂಡ. ತುಪ್ಪಳ, ಹುಲ್ಲು ಎಲ್ಲವನ್ನೂ ಗುಡಿಸಿ ಹೊರಹಾಕಿದ. ಬರಿಯೆದೆಗೆ ಬೇವಿನೆಣ್ಣೆ ಸವರಿದ. ಮೊಲ ಮತ್ತೆ ಕಿತ್ತಿತು. ಅವನು ಮತ್ತೆ ಗುಡಿಸಿದ.

ಹೆಂಡತಿ ಹೇಳಿದಳು: "ರೀ, ಅದಕ್ಕೆ ಪ್ರಾಯ ಬಂದಿದೆ. ಮರಿ ಇರಲಿ ಬಿಡಲಿ, ಅದು ತನ್ನ ಮನೆ ಕಟ್ಟಿಕೊಳ್ಳುತ್ತಿದೆ. ನಾನು ಒಲೆ ಹೂಡುವಾಗ ನೀವು ಬಂದು ಕಲ್ಲು ಕಿತ್ತರೆ ನಾನೂ ಕಚ್ಚುತ್ತೇನೆ!"

"ಸುಮ್ಮನಿರೇ. ಅದನ್ನು ಸಾಕಿದವನು ನಾನೋ ನೀನೋ?" ಎಂದ ಸೆಟ್ಟಿ. ಕೆರೆಯಲು ಏನೂ ಸಿಗದಂತೆ ಗೂಡಿಗೆ ಬರೀ ಹಲಗೆ ಹಾಸಿದ. ಅದು ಕೊಸರಾಡಿದಾಗಲೆಲ್ಲ ಎತ್ತಿ, ಸುಮ್ಮನಾಗುವವರೆಗೂ ತೊಡೆಯ ಮೇಲೆ ಒತ್ತಿ ಹಿಡಿದ. ಪ್ರೀತಿಯಿಂದಲೇ ಹಿಡಿದ. ಅದರಲ್ಲಿ ಅನುಮಾನ ಬೇಡ.

ಒಂದು ದಿನ ಮೊಲ ಕೀಳುವುದನ್ನು ಬಿಟ್ಟಿತು. ಕಚ್ಚುವುದನ್ನೂ ಬಿಟ್ಟಿತು. ಎತ್ತಿದರೆ ಎತ್ತಿದ ಹಾಗೆ ಬಂತು. "ನೋಡೇ, ನನ್ನ ಮರಿ ನನಗೆ ವಾಪಸು ಸಿಕ್ಕಿತು" ಎಂದು ಸೆಟ್ಟಿ ಬೀದಿಗೆಲ್ಲ ಸಕ್ಕರೆ ಹಂಚಿದ. ಹೆಂಡತಿ ಗೂಡಿನೊಳಗೆ ನೋಡಿದಳು. ಹಾಕಿದ ಸೊಪ್ಪು ಹಾಕಿದ ಹಾಗೇ ಇತ್ತು. ಸಂಜೆ ಅದು ಅವನ ತೊಡೆಯ ಮೇಲೆ ತಣ್ಣಗಾಯಿತು. ಅದು ತಿಳಿಯದೆ ಅವನು ಇನ್ನೂ ನೇವರಿಸುತ್ತಲೇ ಇದ್ದ.

ಗುರುಗಳು ತಡವರಿಸಿದರು. "ಅಂದರೆ ನಾನು ಹೇಳುವುದೇನೆಂದರೆ, ಕಚ್ಚಿದ್ದು ದ್ವೇಷದಿಂದಲ್ಲ. ಅದಕ್ಕೆ ತನ್ನದು ಎನ್ನುವ ಒಂದು ಮೂಲೆ... ಮೂಲೆ ಎಂದರೆ ಬರೀ ಜಾಗ ಎಂದು ತಿಳಿಯಬೇಡ, ಅದು..."

"ಬುದ್ಧೀ, ಪ್ರಸಾದಕ್ಕೆ ಎಲ್ಲರೂ ಕಾಯುತ್ತಿದ್ದಾರೆ!" ಎಂದು ಯಾರೋ ಒಳಗಿನಿಂದ ಕೂಗಿದರು.

ಗುರುಗಳು ಎದ್ದರು. ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದರು.

"ಸಕ್ಕರೆ ತಂದಿದ್ದೀಯಲ್ಲ ಮರುಳಪ್ಪ, ಮಗಳು ಉಣ್ಣುತ್ತಿದ್ದಾಳಾ?"

ಮರುಳಪ್ಪನಿಗೆ ಬಡಿಸಿದ್ದು ಬಡಿಸಿದ ಹಾಗೇ ಇದ್ದ ಮಗಳ ಬೆಳಗಿನ ತಟ್ಟೆ ನೆನಪಾಯಿತು.