ಕುದುರೆಯ ಕೊರಳಿಗೆ ಗಂಟೆ

“ಅವ್ವಾ, ಎಲ್ಲರೂ ಬೇಕು ಎಂದದ್ದನ್ನು ಒಬ್ಬ ಬೇಡವೆಂದರೆ, ಆ ಒಬ್ಬನಿಗಾಗಿ ಎಲ್ಲರೂ ಏಕೆ ನಿಲ್ಲಬೇಕು?”

ಅಡಿವೆಪ್ಪ ಓಡುತ್ತ ಬಂದವನು ಏದುಸಿರಿನಲ್ಲೇ ಕೇಳಿದ. ಅವನಿದ್ದ ಮಠದಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಶಿಷ್ಯರೆಲ್ಲ ಸೇರಿ ಏನನ್ನೇ ಗೊತ್ತುಮಾಡಲಿ, ಒಬ್ಬನೇ ಒಬ್ಬ ಬೇಡವೆಂದರೆ ಆ ಮಾತು ಮೂರು ದಿನ ನಿಲ್ಲಬೇಕು; ಅವನು ಹೇಳುವುದನ್ನು ಕೇಳಬೇಕು. ಮುದುಕಪ್ಪ ಎಂಬ ಶಿಷ್ಯ ಈ ಕಟ್ಟಳೆಯನ್ನು ಉಪ್ಪಿನಕಾಯಿಯಂತೆ ಪ್ರತಿ ಊಟಕ್ಕೂ ಬಡಿಸುತ್ತಿದ್ದ. ಅಂದು ಬೆಳಿಗ್ಗೆ ಉಳಿದವರೆಲ್ಲ ಕೈಯೆತ್ತಿ ಕಟ್ಟಳೆಯನ್ನೇ ತೆಗೆದುಹಾಕಿದ್ದರು. ಕೈ ಎತ್ತಿದ್ದೇ ಎತ್ತಿದ್ದು, ಮುದುಕಪ್ಪನನ್ನೂ ಮಠದಿಂದ ಕಳಿಸಿಬಿಡುವುದೆಂದು ತೀರ್ಮಾನಿಸಿದ್ದರು. ಗುರುವಿನ ಅಪ್ಪಣೆಯೊಂದು ಬಾಕಿ ಇತ್ತು. ಅದಕ್ಕಾಗಿ ಬಂದ ಅಡಿವೆಪ್ಪನ ಮುಖ ಹಬ್ಬದ ಮನೆಯ ಹಾಗಿತ್ತು.

ಗುರು ನೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕುಳಿತುಕೋ, ಮೊದಲು ಉಸಿರು ಬರಲಿ ಎಂದು ಹೇಳಿ, ಕೈ ನಿಲ್ಲಿಸದೆ ಕತೆ ಶುರುಮಾಡಿದರು.

ಒಬ್ಬ ಅರಿಸಿನದ ವ್ಯಾಪಾರಿ ಇದ್ದ. ಅವನಿಗೆ ಒಂದೇ ಎತ್ತು. ಅದರ ಬೆನ್ನ ಮೇಲೆ ಅವನ ಒಂದು ವರ್ಷದ ಅರಿಸಿನ. ಘಟ್ಟದ ಕೆಳಗಿನ ಬಂದರಿನಲ್ಲಿ ಅರಬರ ಹಡಗು ನಿಂತಿತ್ತು. ಹುಣ್ಣಿಮೆಯ ಮರುದಿನ ಅದು ಹೊರಡುತ್ತದೆ. ಆಮೇಲೆ ಮಳೆಗಾಲ ಮುಗಿಯುವ ತನಕ ಹಡಗಿಲ್ಲ. ಸಿಕ್ಕರೆ ಅರಿಸಿನಕ್ಕೆ ಬಂಗಾರದ ಬೆಲೆ. ತಪ್ಪಿದರೆ ಬಂದರಿನ ದಲ್ಲಾಳಿ ಹೇಳಿದ್ದೇ ಬೆಲೆ. ಹುಣ್ಣಿಮೆಗೆ ಎಂಟು ದಿನ ಉಳಿದಿತ್ತು. ಘಟ್ಟ ಇಳಿಯಲು ಏಳು ದಿನ ಸಾಕು, ಎತ್ತುಗಳು ಮನಸ್ಸು ಮಾಡಿದರೆ.

ಆ ದಾರಿಯಲ್ಲಿ ಕಳ್ಳರಿದ್ದರು, ಹುಲಿಯೂ ಇತ್ತು. ಒಂಟಿಯಾಗಿ ಯಾರೂ ಇಳಿಯುತ್ತಿರಲಿಲ್ಲ. ಹಾಗಾಗಿ ಇಪ್ಪತ್ತೆರಡು ವ್ಯಾಪಾರಿಗಳು ಕೂಡಿಕೊಂಡು ಹೊರಟರು.

ಹೇರೆತ್ತಿನವರಲ್ಲಿ ಹಿರಿಯರು ಮಾಡಿಟ್ಟ ಒಂದು ಪದ್ಧತಿ ಇತ್ತು. ತಂಡದಲ್ಲಿ ಯಾರ ಎತ್ತು ಎಲ್ಲಕ್ಕಿಂತ ನಿಧಾನವೋ ಅದು ಎಲ್ಲರಿಗಿಂತ ಮುಂದೆ ನಡೆಯಬೇಕು. ತಂಡದ ಗಂಟೆ ಅದರ ಕೊರಳಿಗೆ. ಆ ಗಂಟೆ ನಿಂತರೆ ಎಲ್ಲರೂ ನಿಲ್ಲಬೇಕು. ಆ ಸಲ ಗಂಟೆ ಬಂದದ್ದು ಬೆಲ್ಲ ಹೇರಿದ ಒಬ್ಬ ಮುದುಕನ ಎತ್ತಿಗೆ. ಎತ್ತಿಗೂ ಮಂಡಿ ನೋವು, ಮುದುಕನಿಗೂ ಮಂಡಿ ನೋವು. ಇಬ್ಬರಿಗೂ ಒಂದೇ ಹೊತ್ತಿಗೆ ಬಂದಿದ್ದರೆ ಚೆನ್ನಾಗಿತ್ತು. ಒಬ್ಬರದು ಇಳಿದ ಮೇಲೆ ಇನ್ನೊಬ್ಬರದು ಏಳುತ್ತಿತ್ತು.

ಎರಡನೆಯ ದಿನ ತಂಡದಲ್ಲಿದ್ದ ಒಬ್ಬ ಕುದುರೆ ವರ್ತಕ ತಡೆಯಲಾರದೆ ಎಲ್ಲರನ್ನೂ ಕರೆದ. “ಇಪ್ಪತ್ತೆರಡು ಜನರ ಹಡಗನ್ನು ಒಂದು ಮಂಡಿ ತಪ್ಪಿಸಬೇಕೇನು? ಗಂಟೆ ನನ್ನ ಕುದುರೆಗೆ ಕಟ್ಟಿ. ಒಪ್ಪಿದವರು ಕೋಲೆತ್ತಿರಿ” ಎಂದ.

ಮೊದಲು ಎದ್ದದ್ದು ಅರಿಸಿನದವನ ಕೋಲು. ಅದರ ಹಿಂದೆ ಹದಿನೆಂಟು ಕೋಲುಗಳು ಕಾಡಿನ ಹಾಗೆ ಎದ್ದವು. ಅರಿಸಿನದವನು ತನ್ನ ಕೋಲನ್ನು ಇನ್ನೂ ಮೇಲಕ್ಕೆತ್ತಿದ. ಅವನ ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತಿಗೆಯ ಮಾತು, ಪೇಟೆಯಲ್ಲಿ ದೊಡ್ಡ ಅಂಗಡಿಯವರ ಮಾತು. ತಾನು ಎತ್ತಿದ ಕಡೆ ಲೋಕವೇ ಎದ್ದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮುದುಕ ಗಂಟೆ ಬಿಚ್ಚಿಕೊಟ್ಟ. ಜಗಳವಾಡಲಿಲ್ಲ. “ನಿಲ್ಲಬೇಕಾಗಿ ಬರುವವನ ಕೈಯಲ್ಲಿ ನಿಲ್ಲಿಸುವ ಗಂಟೆ ಇರಲಿ ಎಂದು ಹಿರಿಯರು ಮಾಡಿದ್ದು, ತಮ್ಮಾ. ಕುದುರೆಗೆ ಅದು ಬರೀ ಒಡವೆ” ಎಂದ.

ಎಲ್ಲರೂ ನಕ್ಕರು. ಅರಿಸಿನದವನು ಸ್ವಲ್ಪ ಜೋರಾಗಿಯೇ ನಕ್ಕ.

ಅಂದಿನ ನಡಿಗೆಯೇ ನಡಿಗೆ. ಎರಡು ದಿನದ ದಾರಿ ಒಂದೇ ದಿನಕ್ಕೆ ಸವೆಯಿತು. ಜನ ಹಾಡುತ್ತ ಇಳಿದರು. ಬಿಡಾರ ಹೂಡಿದಾಗ ಮುದುಕ ಬಂದಿರಲಿಲ್ಲ. ಹಿಂದಕ್ಕೆ ಹೋಗಿ ಕರೆತರೋಣ ಎಂದು ಇಬ್ಬರು ಹೇಳಿದರು. ಕುದುರೆ ವರ್ತಕ ಮತ್ತೆ ಕೋಲೆತ್ತಿಸಿದ. ಬಿಡಾರಕ್ಕೆ ಬಂದು ಮುಟ್ಟಿದವರಿಗಷ್ಟೇ ಕೋಲು. ಮುಟ್ಟದವನಿಗೆ ಕೋಲೂ ಇಲ್ಲ, ಮಾತೂ ಇಲ್ಲ. ಬೇಡವೆಂದವರೇ ಹೆಚ್ಚಾದರು. ಆ ಇಬ್ಬರು ಮರುದಿನ ಹಿಂದೆ ನೋಡಿಕೊಂಡು ನಡೆದರು. ಹಾಗೆ ನಡೆದವರು ಮುಂದಿನ ಬಿಡಾರ ಮುಟ್ಟುವುದುಂಟೇ?

ದಿನವೂ ಇನ್ನಷ್ಟು ಜನ ಹಿಂದೆ ಉಳಿದರು; ದಿನದಿಂದ ದಿನಕ್ಕೆ ತಂಡದಲ್ಲಿ ಒಮ್ಮತ ಹೆಚ್ಚಿತು. ಬೇಡವೆನ್ನುವವರು ಕಾಡಿನಲ್ಲಿ ಉಳಿದಿದ್ದರು. ಐದನೆಯ ದಿನ ಕುದುರೆ ವರ್ತಕ ಕೋಲೆತ್ತಿಸುವುದನ್ನೂ ಬಿಟ್ಟ. ಹೇಗೂ ಎಲ್ಲರೂ ಎತ್ತುತ್ತೀರಿ, ಕೇಳಿ ಹೊತ್ತು ಕಳೆಯುವುದೇಕೆ ಎಂದ. ಅರಿಸಿನದವನಿಗೆ ಅದೂ ಸರಿ ಎನ್ನಿಸಿತು. ಅವನ ಕಣ್ಣಲ್ಲಿ ಆಗಲೇ ಹಡಗಿನ ಪಟ ಬಿಚ್ಚಿಕೊಂಡಿತ್ತು.

ಆರನೆಯ ದಿನ ಬೆಳಿಗ್ಗೆ ಕಡಲು ಕಾಣಿಸಿತು. ಆ ಸಂತೋಷಕ್ಕೆ ಓಡಿಸಿದ ಎತ್ತಿನ ಗೊರಸಿಗೆ ಚೂಪು ಕಲ್ಲು ಹೊಕ್ಕಿತು. ಅರಿಸಿನದವನು ನಿಲ್ಲಿ ಎಂದು ಕೂಗಿದ. ಗಂಟೆ ನಿಲ್ಲಲಿಲ್ಲ. ಗಂಟಲು ಹರಿಯುವಂತೆ ಕೂಗಿದ. ಕುದುರೆ ವರ್ತಕ ತಿರುಗಿ ನೋಡಿ, “ನಿನಗೆ ನಿಲ್ಲಬೇಕು ಎನ್ನಿಸಿದರೆ ನಿಲ್ಲು ಮಾರಾಯ, ಬೇಡವೆಂದವರು ಯಾರು?” ಎಂದು ನಗುತ್ತಲೇ ಇಳಿದುಹೋದ. ಅವನ ಹಿಂದೆ ನಾಲ್ವರು ಹೋದರು. ಅವರೊಳಗೆ ಒಬ್ಬನೂ ತಿರುಗಲಿಲ್ಲ. ತಾನೂ ನಾಲ್ಕು ದಿನ ತಿರುಗಿರಲಿಲ್ಲ ಎಂಬುದು ಅರಿಸಿನದವನಿಗೆ ಆಗ ನೆನಪಾಯಿತು.

ಅವನು ಎತ್ತಿನ ಪಕ್ಕದಲ್ಲಿ ಕುಕ್ಕರಿಸಿದ. ಸಂಜೆಯ ಹೊತ್ತಿಗೆ ಮೇಲಿನ ತಿರುವಿನಲ್ಲಿ ಕಾಲಸಪ್ಪಳವಾಯಿತು. ಕಳ್ಳರೆಂದು ಕೋಲು ಹಿಡಿದು ಎದ್ದ. ಬಂದದ್ದು ಬೆಲ್ಲದ ಮುದುಕ. ಅವನ ಹಿಂದೆ ಹದಿನೈದು ಜನ. ಮುದುಕ ನಿಂತೂ ನಿಂತೂ ಹಗಲೂ ರಾತ್ರಿಯೂ ನಡೆಯುತ್ತಲೇ ಇದ್ದ. ತಂಡ ಹಿಂದೆ ಬಿಟ್ಟವರೆಲ್ಲ ಒಬ್ಬೊಬ್ಬರಾಗಿ ಅವನಿಗೆ ದಾರಿಯಲ್ಲಿ ಸಿಕ್ಕಿದ್ದರು.

ಅರಿಸಿನದವನು ಎಣಿಸಿದ. ಇನ್ನೊಮ್ಮೆ ಎಣಿಸಿದ. ಹೋದ ಜೀವ ಬಂದಂತಾಗಿ ಕುಣಿದಾಡಿದ.

“ಅಜ್ಜಾ, ನಾವು ಹದಿನೇಳು ಜನ, ಅವರು ಐದೇ ಜನ! ಈಗ ಹೆಚ್ಚಿನವರು ನಾವು. ಕೋಲೆತ್ತಿಸು. ಅಡ್ಡದಾರಿಯಲ್ಲಿ ಇಳಿದು ಗಂಟೆ ಕಿತ್ತುಕೊಳ್ಳೋಣ. ಅವರೂ ಒಂದು ದಿನ ಕಾಡಿನಲ್ಲಿ ಬಿದ್ದಿರಲಿ.”

ಮುದುಕ ಅವನ ಮುಖ ನೋಡಲಿಲ್ಲ. ಬಗ್ಗಿ ಎತ್ತಿನ ಕಾಲು ನೋಡಿದ. ಕಲ್ಲು ಕಿತ್ತು, ಬೆಲ್ಲದ ಮೂಟೆಗೆ ಸುತ್ತಿದ್ದ ಬಟ್ಟೆ ಹರಿದು ಗೊರಸಿಗೆ ಕಟ್ಟಿದ.

“ನಿನ್ನದು ಈಗ ನನ್ನದಕ್ಕಿಂತ ನಿಧಾನ. ನೀನು ಮುಂದೆ ನಡಿ. ನಿಲ್ಲಬೇಕಾದಾಗ ಹೇಳು, ನಿಲ್ಲುತ್ತೇವೆ” ಎಂದ.

ಗಂಟೆ ಇರಲಿಲ್ಲ. ಅರಿಸಿನದವನು ಮುಂದೆ ನಡೆದ. ತನ್ನ ಕೋಲು ಯಾರನ್ನು ಕಾಡಿಗೆ ಬಿಟ್ಟಿತ್ತೋ ಅವರೇ ಬೆನ್ನ ಹಿಂದೆ ಬರುತ್ತಿದ್ದರು. ಹಿಂದಿನಿಂದ ಯಾರಾದರೂ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ. ಒಂದು ಇಳಿಜಾರಿನಲ್ಲಿ ಎತ್ತು ನಡುಗಿತು. ನಿಲ್ಲಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಸುಮ್ಮನೆ ನಿಂತ. ಹದಿನಾರು ಜನವೂ ನಿಂತರು.

ನೀಲವ್ವ ಅಷ್ಟಕ್ಕೆ ನಿಲ್ಲಿಸಿ ಮೊರದಿಂದ ಒಂದು ಕಲ್ಲು ಆರಿಸಿ ಎಸೆದರು. ಅಡಿವೆಪ್ಪನಿಗೆ ತಾಳ್ಮೆ ಎಲ್ಲಿತ್ತು? ಹಡಗು ಯಾರಿಗೆ ಸಿಕ್ಕಿತು ಎಂದು ಕೇಳಿದ.

ಕುದುರೆ ವರ್ತಕನಿಗೆ ಸಿಕ್ಕಿತು ಎಂದರು ನೀಲವ್ವ. ಅವನ ಜೊತೆಗೆ ಹೋದ ನಾಲ್ವರೂ ದಾರಿಯಲ್ಲಿ ಉಳಿದು ಮುದುಕನ ತಂಡಕ್ಕೇ ಸೇರಿದರು. ಇಪ್ಪತ್ತೊಂದು ಜನ ಒಂದು ದಿನ ತಡವಾಗಿ ಬಂದರನ್ನು ಮುಟ್ಟಿ, ಸಿಕ್ಕಿದ ಬೆಲೆಗೆ ಮಾರಿ, ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಹೋದರು. ಹಡಗು ಹತ್ತುವಾಗ ಕುದುರೆ ವರ್ತಕ ಒಬ್ಬನೇ ಇದ್ದನಂತೆ. ಅವನ ಕಡೆಯ ತೀರ್ಮಾನಕ್ಕೆ ಎದುರಾಡಿದವರೇ ಇರಲಿಲ್ಲ.

ಅಡಿವೆಪ್ಪನಿಗೆ ನಗು ಬಂತು. ನಗುತ್ತಲೇ ಎದ್ದು ನಿಂತ. ಕತೆ ಚೆನ್ನಾಗಿತ್ತು, ಅಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಮುದುಕಪ್ಪನ ವಿಷಯಕ್ಕೆ ಅಪ್ಪಣೆಯಾಗಲಿ ಎಂದು ಕೈ ಮುಗಿದ.

ನೀಲವ್ವ ಮೊರವನ್ನು ಕೆಳಗಿಟ್ಟರು.

“ಮುದುಕಪ್ಪ ನಾಳೆ ಹೋಗಲಿ, ನಾಡಿದ್ದು ಹೋಗುವವನು ಯಾರೆಂದು ಕೇಳಿಕೊಂಡು ಬಾ.”