ಕಲಿಯಲು ಏನೂ ಉಳಿಯದವಳು

ಬಯಲುಸೀಮೆಯ ವಿಶ್ವವಿದ್ಯಾಲಯವೊಂದರಲ್ಲಿ ರುಕ್ಸಾನಾ ನದಾಫ್ ಎಂಬ ಹುಡುಗಿ ಭೂಗರ್ಭಶಾಸ್ತ್ರ ಓದುತ್ತಿದ್ದಳು. ಮುಂದಿನ ಓದಿಗೆ ಜರ್ಮನಿಗೆ ಹೋಗಬೇಕೆಂಬುದು ಅವಳ ಆಸೆ. ಅರ್ಜಿಯೆಲ್ಲ ತಯಾರಿತ್ತು. ವಿಭಾಗದ ಮುಖ್ಯಸ್ಥ ಅಷ್ಟಗಿಮಠ ಸರ್ ಕೊಡಬೇಕಾದ ಶಿಫಾರಸು ಪತ್ರವೊಂದೇ ಬಾಕಿ. ಅವರು ತಿಂಗಳಿಡೀ ಅಲೆದಾಡಿಸಿ, ಅರ್ಜಿಯ ಕೊನೆಯ ದಿನ ಕೈ ಕೊಡವಿದರು.

“ನಿನಗ ಏನೂ ಬರಂಗಿಲ್ಲ. ಅಲ್ಲಿ ಹೋಗಿ ನನ್ನ ಹೆಸರು ಕೆಡಸ್ತಿ.”

ರುಕ್ಸಾನಾ ಹೊರಗೆ ಬಂದು ಕಂಬಕ್ಕೊರಗಿ ಅತ್ತಳು. ಸಂಜೆಯಾದರೆ ಎಲ್ಲ ಮುಗಿದಂತೆ. ಕಣ್ಣೊರೆಸಿಕೊಂಡು ಮತ್ತೆ ಒಳಗೆ ಹೋದಳು.

“ಸರ್ರ, ನನಗ ಏನೂ ಬರಂಗಿಲ್ಲ ಅಂತನ ಬರದು ಕಳಸ್ರಿ.”

ಸರ್ ಖುಷಿಯಿಂದ ಪೆನ್ನು ತೆಗೆದರು.

“ಅರ್ಜಿಯಾಗ ಇಕಿಗೆ ಕಲಿಸಿದವರು ಯಾರು ಅಂತನೂ ಕೇಳ್ಯಾರ್ರಿ. ಅಲ್ಲಿ ನಿಮ್ಮ ಹೆಸರ ಬರದೀನಿ.”

ಪೆನ್ನು ಗಾಳಿಯಲ್ಲೇ ನಿಂತಿತು. ಸರ್ ಕೆಮ್ಮಿದರು, ನೀರು ಕುಡಿದರು, ಅವಳಿಗೆ ಕುರ್ಚಿ ತೋರಿಸಿದರು. ಆಮೇಲೆ ಕೂತು ಉದ್ದಕ್ಕೆ ಬರೆದು, ತಾವೇ ಕಳಿಸಿಯೂ ಬಿಟ್ಟರು.

“ನನ್ನ ಕೈಯಾಗ ಕಲಿತಾಕಿ, ಇನ್ನ ಕಲಿಯೂದು ಏನೂ ಉಳದಿಲ್ಲ ಅಂತ ಬರದೀನಿ. ಹೋಗು!”

ಹೊಗಳಿಕೆ ಅತಿಯಾಯಿತೆಂದು ರುಕ್ಸಾನಾಳಿಗೆ ಅನ್ನಿಸಿತು. ಆದರೆ ಹೋದ ಪತ್ರವನ್ನು ಹಿಂದಕ್ಕೆ ಕರೆಯುವವರು ಯಾರು?

ಬೇಸಿಗೆಯ ಹೊತ್ತಿಗೆ ಜರ್ಮನಿಯಿಂದ ಉತ್ತರ ಬಂತು. ಕಲಿಯಲು ಏನೂ ಉಳಿಯದವರಿಗೆ ಕಲಿಸಲು ನಮ್ಮಲ್ಲಿ ಏನೂ ಇಲ್ಲ, ಕ್ಷಮಿಸಿ ಎಂದಿತ್ತು.

ಅವಳು ಫೋನನ್ನು ಸರ್ ಮುಂದೆ ಹಿಡಿದಳು. ಸರ್ ಮತ್ತೆ ಮತ್ತೆ ಓದಿದರು. ಬೀಗುತ್ತಾ ಮೇಜು ಕುಟ್ಟಿದರು.

“ನೋಡವಾ, ಜರ್ಮನಿಯವ್ರೂ ಒಪ್ಪಿಬಿಟ್ರು!”